ಜಿನ್ಸಿ ಬಿಟ್ಟ ಹಗ್ಗ

ಕಳೆದ ವರ್ಷ ಇಚಿಲಂಪಾಡಿಯ ಇಗರ್ಜಿ ಹಬ್ಬದ ಹಗ್ಗಜಗ್ಗಾಟದಲ್ಲಿ ನನ್ನ ಓರಗಿತ್ತಿ ಜಿನ್ಸಿ ಬೇಕೆಂದೇ ಹಗ್ಗ ಬಿಟ್ಟಳು. ಅವಳದು ರಸ್ತೆಯ ಕೆಳಗಿನ ವಾರ್ಡು, ನಮ್ಮದು ಮೇಲಿನದು. ತಮ್ಮ ಸೋಲು ಖಚಿತವಾದಾಗ ಅವಳು ಸಿಳ್ಳೆ ಹಾಕಿದಳು. ಅವಳ ಕಡೆಯವರೆಲ್ಲ ಒಮ್ಮೆಲೇ ಕೈ ಸಡಿಲಿಸಿದರು. ನಾವು ಹಿಂದಕ್ಕೆ ಉರುಳಿದೆವು. ರಬ್ಬರ್ ಶೀಟಿನ ಕಟ್ಟು ಎಳೆಯುವ ಅಭ್ಯಾಸದಿಂದ ನಾನು ಹಗ್ಗವನ್ನು ಮುಂಗೈಗೆ ಸುತ್ತಿಕೊಂಡಿದ್ದೆ. ಕೈ ಬಿಡಿಸಿಕೊಳ್ಳಲಾಗದೆ ಅದರ ಮೇಲೆಯೇ ಬಿದ್ದು ಮೊಣಕೈ ಮುರಿಯಿತು.

"ಜಾರಿತು ಚೇಚಿ, ಎಂತ ಮಾಡುದು?" ಎಂದಳು. ಮಲಯಾಳದಲ್ಲಿ 'ಅಕ್ಕ' ಎನ್ನುವಾಗಲೂ ಬಾಯಂಚಿನಲ್ಲಿ ನಗು ಇತ್ತು.

ಪ್ಲಾಸ್ಟರ್ ಬಿಚ್ಚಿದ ಮೇಲೂ ಕೈ ಮಡಚಲಾಗಲಿಲ್ಲ. ಮಗಳು ರಿನುವಿಗೆ ಜಡೆ ಹಾಕಲಾಗದೆ ಅವಳ ಉದ್ದ ಕೂದಲನ್ನು ಕತ್ತರಿಸಿ ಹಾಕಿಸಿದೆ. ಅವಳು ಅಳಲಿಲ್ಲ. ಅತ್ತಿದ್ದರೆ ನಾನು ಜಿನ್ಸಿಯನ್ನು ಕ್ಷಮಿಸುತ್ತಿದ್ದೆನೋ ಏನೋ.

ಪುತ್ತೂರಿನ ಆಸ್ಪತ್ರೆಯಲ್ಲಿ ಕೈಗೆ ವ್ಯಾಯಾಮ ಮಾಡಿಸುತ್ತಿದ್ದ ಶಹನಾ ನನ್ನ ತೋಳನ್ನು ಒತ್ತಿ ತೋರಿಸಿದಳು. "ಮಾಂಸಖಂಡಕ್ಕೆ ದೂಡ್ಲಿಕ್ಕೆ ಗೊತ್ತಿಲ್ಲ ಅಕ್ಕ, ಎಳೀಲಿಕ್ಕೆ ಮಾತ್ರ. ಕೈ ಮಡಚುವಾಗ ಎದುರಿನದ್ದು ಮೂಳೆಯನ್ನು ಎಳೀತದೆ, ಹಿಂದಿನದ್ದು ಸಡಿಲ ಬಿಡ್ಬೇಕು. ನಿಮ್ಮದು ಎರಡೂ ಹಠ ಹಿಡಿದು ಕೂತಿದೆ."

"ಸುಸ್ತಾಗುದು ಯಾವುದಕ್ಕೆ? ಮೂಳೆಗಾ, ಖಂಡಕ್ಕಾ?"

"ಖಂಡಕ್ಕೆ. ಕೈಕಾಲು ನೇರ ಇಟ್ಟು ಭಾರವನ್ನು ಮೂಳೆಗೆ ಕೊಟ್ರೆ ಅದು ಬೇಗ ಸೋಲುದಿಲ್ಲ. ಎಂತಕ್ಕೆ?"

"ಸುಮ್ಮನೆ ಕೇಳಿದ್ದು."

ತೆಂಗಿನಕಾಯಿ ತುರಿಯುವಾಗ, ಬಾವಿಯಿಂದ ನೀರು ಸೇದುವಾಗ ಕೈಯನ್ನು ಮಡಚಿ ಬಿಚ್ಚಿ ಪಳಗಿಸಿದೆ. ಈ ವರ್ಷ ಸಿಳ್ಳೆ ನನ್ನದಾಗಬೇಕು. ನಾನು ಸಿಳ್ಳೆ ಹಾಕಿದ ಕೂಡಲೇ ಹಗ್ಗ ಬಿಡಬೇಕೆಂದು ನಮ್ಮವರಿಗೂ ಹೇಳಿಟ್ಟೆ.

ಹಬ್ಬದ ದಿನ ಜಿನ್ಸಿ ಜಂಬದಿಂದ ತುದಿಯಲ್ಲಿ ನಿಂತು ಹಗ್ಗವನ್ನು ಸೊಂಟಕ್ಕೇ ಬಿಗಿದುಕೊಂಡಳು. ಅವರು ಮೊಣಕೈ ಮಡಚಿ ಜಗ್ಗಿದರು. ನಾವು ಹಿಮ್ಮಡಿ ಊರಿ, ಕೈ ನೇರ ಮಾಡಿ, ಹಿಂದಕ್ಕೆ ವಾಲಿ ಸುಮ್ಮನೆ ನಿಂತೆವು.

"ಎಂತ ಮಾರಾಯ್ರೆ, ಬಟ್ಟೆ ಒಣಗಿಸ್ಲಿಕ್ಕೆ ಹಗ್ಗ ಕಟ್ಟಿದ್ದಾ?" ಎಂದು ಜಿನ್ಸಿಯ ಗಂಡ ಸಿಜೋ ಕೂಗಿದ. ಜನ ನಕ್ಕರು.

ಸ್ವಲ್ಪ ಹೊತ್ತಿನಲ್ಲೇ ಆಚೆಯವರ ತೋಳುಗಳು ನಡುಗತೊಡಗಿದವು. ಆಗ ನಾವು ಎಳೆದೆವು. ಜಿನ್ಸಿ ಕಾಲು ಊರಿ ಇಡೀ ಮೈಯನ್ನು ಹಿಂದಕ್ಕೆ ಚೆಲ್ಲಿದಳು. ಈಗ ಬಿಟ್ಟರೆ ಅವಳು ಅಂಗಾತ ಬೀಳುತ್ತಾಳೆ, ಕೈ ಊರುತ್ತಾಳೆ, ಮುರಿಯುತ್ತದೆ. ನಾನು ಸಿಳ್ಳೆಗೆ ತುಟಿ ಮಡಚಿದೆ. ಅವಳಿಗೆ ಗೊತ್ತಾಯಿತು.

"ಚೇಚೀ, ಬಿಡಬೇಡಿ!"

ಅವಳ ಹಿಂದೆ ಅವಳ ಪುಟ್ಟ ಮಗಳು ನಿಂತಿದ್ದಳು. ತಲೆಯಲ್ಲಿ ಎರಡು ಜಡೆ, ಕೆಂಪು ರಿಬ್ಬನ್. ಆ ತಲೆಯನ್ನು ಬಾಚುವುದು ಜಿನ್ಸಿಯ ಕೈಯೇ.

ಸಿಳ್ಳೆ ಬಾಯಲ್ಲೇ ಉಳಿಯಿತು. "ಬಿಡುದಿಲ್ಲ," ಎಂದೆ. "ಎಳೀರಿ!"

ಅವಳ ಕಡೆಯವರು ಗೆರೆ ದಾಟುತ್ತಲೇ ಹಗ್ಗ ಬಿಟ್ಟು ಬದಿಗೆ ಸರಿದರು. ಕಟ್ಟಿಕೊಂಡಿದ್ದವಳು ಜಿನ್ಸಿ ಮಾತ್ರ. ಮುಗ್ಗರಿಸಿ ಕೆಮ್ಮಣ್ಣಿನಲ್ಲಿ ಕೂತಳು. ನಾವು ಎಳೆಯುತ್ತಲೇ ಇದ್ದೆವು. ಮೇಣದ ಬತ್ತಿ ಮಾರುವ ಮೇಜಿನವರೆಗೂ ಅವಳು ಸೀರೆ ಸಮೇತ ಜಾರಿಕೊಂಡು ಬಂದಳು.

"ಸಾಕು ಚೇಚಿ, ಬಿಡಿ!"

"ಬಿಡಬೇಡಿ ಅಂತ ಹೇಳಿದ್ದು ನೀನೇ ಅಲ್ವಾ?"

ಮರುದಿನ ಬೆಳಿಗ್ಗೆ ದೋಸೆ ಹುಯ್ಯುತ್ತಾ ರಿನುವಿನ ಕೈಗೆ ಬಾಚಣಿಗೆ, ರಿಬ್ಬನ್ ಕೊಟ್ಟೆ. ಅವಳ ಕೂದಲು ಮತ್ತೆ ಜಡೆಯಷ್ಟಾಗಿತ್ತು. "ಜಿನ್ಸಿ ಆಂಟಿ ಹತ್ತಿರ ಜಡೆ ಹಾಕಿಸ್ಕೊಂಡು ಬಾ."

ಅಡುಗೆಮನೆಯ ಕಿಟಕಿಯಿಂದ ಕೆಳಗೆ ಅವಳ ಮನೆಯ ಅಂಗಳ ಕಾಣುತ್ತದೆ. ಜಿನ್ಸಿ ಬಾಚಣಿಗೆ ಹಿಡಿದು ತೋಳೆತ್ತಿದಳು. ನಿನ್ನೆ ಜಗ್ಗಿದ ನೋವಿಗೆ ಅರ್ಧದಲ್ಲಿ ಮುಖ ಕಿವುಚಿ ಇಳಿಸಿದಳು.

ನಾನು ಕಿಟಕಿಯಿಂದ ಇಣುಕಿ ಕೂಗಿದೆ: "ಅವಸರ ಇಲ್ಲ ಜಿನ್ಸಿ. ಶಾಲೆಯ ಬಸ್ಸಿಗೆ ಇನ್ನೂ ಹೊತ್ತು ಉಂಟು."