ಹೊರಗಿನ ಬೀಗ

ಮಂಚ, ಸೋಫಾ ಮಾರುವ ಆ ಅಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗನನ್ನು ಬೀದಿಯವರೆಲ್ಲ 'ಉಳಿತಾಯ' ಎಂದೇ ಕರೆಯುತ್ತಿದ್ದರು. ವಯಸ್ಸು ಇಪ್ಪತ್ತಮೂರು. ಟೀ ಕುಡಿಯುತ್ತಿರಲಿಲ್ಲ, ಬಸ್ಸು ಹತ್ತುತ್ತಿರಲಿಲ್ಲ, ಅಂಗಿಯನ್ನು ಹಾಸಿಗೆಯಡಿ ಇಟ್ಟು ಮಲಗಿದರೆ ಅದೇ ಇಸ್ತ್ರಿ. ಇವೆಲ್ಲ ಹಾಗಿರಲಿ, ದೊಡ್ಡ ಉಳಿತಾಯ ಮನೆ ಬಾಡಿಗೆಯದು. ಮಾರಾಟಕ್ಕಿಟ್ಟ ಜೋಡಿಮಂಚದ ಮೇಲೆ, ಅಂಗಡಿಯೊಳಗೇ ಮಲಗುತ್ತಿದ್ದ. ಯಜಮಾನರ ಷರತ್ತು ಎರಡೇ. ಹಾಸಿಗೆಯ ಪ್ಲಾಸ್ಟಿಕ್ ಹೊದಿಕೆ ತೆಗೆಯಬಾರದು. ಶಟರಿಗೆ ಬೀಗ ಹೊರಗಿನಿಂದ. ಸಂಜೆ ಏಳಕ್ಕೆ ಜಡಿದರೆ ತೆಗೆಯುವುದು ಬೆಳಿಗ್ಗೆ ಹತ್ತಕ್ಕೆ. ಹಿಂದೆ ಬಚ್ಚಲಿತ್ತು, ಕಂಬಿ ಹಾಕಿದ ಕಿಟಕಿಯಿತ್ತು, ಬ್ರೆಡ್ಡಿತ್ತು. ಇನ್ನೇನು ಬೇಕು ಸ್ವಾಮಿ?

ಮೊದಲ ತಿಂಗಳು ಅವನೂ ಹಾಗೇ ಅಂದುಕೊಂಡಿದ್ದ. ಎರಡು ವರ್ಷವಾಗುವಷ್ಟರಲ್ಲಿ ಬೀಗದ ಸದ್ದು ಕೇಳಿದರೆ ಸಾಕು, ಹೋಗಿ ಕಿಟಕಿಯ ಕಂಬಿ ಹಿಡಿದು ನಿಲ್ಲುತ್ತಿದ್ದ. ಪ್ಲಾಸ್ಟಿಕ್ಕು ಚರಚರ ಅನ್ನುತ್ತದೆಂದು ಮಗ್ಗುಲು ಬದಲಿಸುವುದನ್ನೇ ಬಿಟ್ಟಿದ್ದ. ಊರಿನಲ್ಲಿದ್ದ ಅಮ್ಮನಿಗೆ ಮಾತ್ರ, "ರೂಮು ಚೆನ್ನಾಗಿದೆ ಅಮ್ಮ, ದೊಡ್ಡ ಮಂಚ" ಎನ್ನುತ್ತಿದ್ದ. ಮಂಚದ ಮಟ್ಟಿಗೆ ಸುಳ್ಳಲ್ಲ.

ಅಷ್ಟರಲ್ಲಿ, ಗುಟ್ಟಾಗಿ ಅರ್ಜಿ ಹಾಕಿದ್ದ ಔಷಧಿ ಗೋದಾಮಿನಿಂದ ಕಾಗದ ಬಂತು. ಗುಮಾಸ್ತನ ಕೆಲಸ, ಜೊತೆಗೊಂದು ಕೋಣೆ. ಒಳಗಿನಿಂದ ಚಿಲಕ ಹಾಕಿಕೊಳ್ಳುವ ಕೋಣೆ! ಪರೀಕ್ಷೆ ಗುರುವಾರ ಬೆಳಿಗ್ಗೆ ಎಂಟಕ್ಕೆ. ತಡವಾದರೆ ಒಳಗೆ ಬಿಡುವುದಿಲ್ಲ.

ಇದ್ದದ್ದು ಇದ್ದ ಹಾಗೆ ಹೇಳುವಂತಿರಲಿಲ್ಲ. ಹಿಂದಿನ ಕೆಲಸಗಾರ ಬೇರೆ ಕಡೆ ಕೆಲಸ ಹುಡುಕುತ್ತಾನೆಂದು ಗೊತ್ತಾದ ದಿನವೇ ಯಜಮಾನರು ಅವನ ಗಂಟುಮೂಟೆ ಬೀದಿಗೆಸೆದಿದ್ದರು. ಕೋಪ ಬಂದರೆ ಹಾಗೆ. ಪ್ರೀತಿ ಬಂದರೆ ಅದಕ್ಕಿಂತ ಕಷ್ಟ. ಒಂದು ರಾತ್ರಿ ಏನೋ ನೆವ ಹೇಳಿ ಲಾಡ್ಜಿನಲ್ಲಿ ಉಳಿದಿದ್ದರೆ ಮುಗಿಯುತ್ತಿತ್ತು. ದುಡ್ಡು ಕೊಟ್ಟು ಮಲಗುವುದೇ? ಉಳಿತಾಯನಿಗೆ ಕೈ ಬರಲಿಲ್ಲ.

ಬುಧವಾರ ಸಂಜೆ ಮೆಲ್ಲಗೆ ಕೇಳಿದ. "ಯಜಮಾನ್ರೇ, ನಾಳೆ ಒಂದಿನ ಏಳಕ್ಕೇ ಬೀಗ ತೆಗೀತೀರಾ?"

"ಯಾಕೋ?"

"ಅಮ್ಮ ಬರ್ತಾ ಇದಾರೆ. ಬಸ್ ಸ್ಟ್ಯಾಂಡಿಂದ ಕರ್ಕೊಂಡು ಬರ್ಬೇಕು."

"ಅಯ್ಯೋ, ಅಮ್ಮ ಬರ್ತಾರೆ ಅಂದ್ರೆ ಬೇಡ ಅಂತೀನಾ?" ಯಜಮಾನರ ಮುಖ ಅರಳಿತು. ಬೀಗ ಬಿತ್ತು.

ಬೆಳಿಗ್ಗೆ ಆರೂವರೆಗೇ ಅಂಗಿ ತೊಟ್ಟು ಶಟರಿನ ಹಿಂದೆ ನಿಂತ. ಏಳಾಯಿತು. ಏಳೂ ಹತ್ತಕ್ಕೆ ಫೋನು ಬಂತು.

"ಲೋ, ನಾನು ಬಸ್ ಸ್ಟ್ಯಾಂಡಲ್ಲೇ ಇದೀನಿ ಕಣೋ. ವಯಸ್ಸಾದವರನ್ನ ನಡೆಸ್ಕೊಂಡು ಬರೋ ಗಿರಾಕಿ ನೀನು, ನಂಗೊತ್ತಿಲ್ವಾ? ಕಾರಲ್ಲಿ ನಾನೇ ಕರ್ಕೊಂಡು ಬರ್ತೀನಿ. ನಿನ್ನ ಮೂಗೇ ಇರುತ್ತಲ್ಲ, ಗುರುತು ಸಿಗುತ್ತೆ. ನೀನು ಮಲ್ಕೋ."

"ಬೇಡ ಯಜಮಾನ್ರೇ, ಬಂದು ಬೀಗ..." ಎನ್ನುವಷ್ಟರಲ್ಲಿ ಫೋನು ಕಟ್ಟಾಯಿತು. ಮತ್ತೆ ಮಾಡಿದ, ಮತ್ತೆ ಮತ್ತೆ ಮಾಡಿದ, ಎತ್ತಲಿಲ್ಲ. ಎರಡೂ ಕೈಯಲ್ಲಿ ಶಟರು ಬಡಿದ.

"ಯಾಕೋ ಉಳಿತಾಯ, ಬೆಳಬೆಳಿಗ್ಗೆ ತಮಟೆ?" ಹೊರಗಿನಿಂದ ಟೀ ಅಂಗಡಿಯಾಕೆ ನಕ್ಕಳು.

"ಅಕ್ಕಾ, ಬೀಗ ಒಡೀರಿ ಅಕ್ಕಾ!"

"ಆಮೇಲೆ ನಿಮ್ಮ ಯಜಮಾನರ ಹತ್ರ ಉಗಿಸ್ಕೊಳ್ಳೋರು ಯಾರಪ್ಪಾ?" ಎಂದು ಹೋದಳು.

ಎಂಟಾಯಿತು. ಉಳಿತಾಯನಿಗೆ ಅಳು ಬಂತು. ಮಂಚದ ತುದಿಯಲ್ಲಿ ಕೂತು, ಇಸ್ತ್ರಿ ಕೆಡದಂತೆ ತೋಳು ಮಡಚಿಕೊಂಡು ಅತ್ತ.

ಒಂಬತ್ತೂವರೆಗೆ ಶಟರು ಮೇಲೆದ್ದಿತು. ಯಜಮಾನರು ಬೆವರುತ್ತಿದ್ದರು. "ನಾಲ್ಕು ಬಸ್ ನೋಡ್ದೆ, ನಿಮ್ಮಮ್ಮ ಬರ್ಲೇ ಇಲ್ವಲ್ಲೋ! ಗಾಬರಿಯಾಗಿ, ಕೆಲಸಕ್ಕೆ ಸೇರೋವಾಗ ನೀನು ಬರೆಸಿದ್ದ ನಂಬರಿಗೆ ಫೋನ್ ಮಾಡ್ದೆ. ಪಾಪ, ಅವರಿಗೆ ಏನೂ ಗೊತ್ತೇ ಇಲ್ಲ! 'ನನ್ ಮಗ ನನ್ನ ಕರೀತಿದಾನಾ?' ಅಂತ ಅತ್ತೇಬಿಟ್ರು. ಎರಡು ವರ್ಷದಿಂದ ಈ ಮಾತಿಗೇ ಕಾಯ್ತಿದ್ರಂತೆ. ಈಗ ಬಸ್ ಹತ್ತಿದಾರೆ. ಸಂಜೆ ಆರಕ್ಕೆ ಇಲ್ಲಿರ್ತಾರೆ."

ಉಳಿತಾಯ ತಿರುಗಿ ಮಂಚವನ್ನೊಮ್ಮೆ, ಶಟರನ್ನೊಮ್ಮೆ ನೋಡಿದ.

"ಯಾಕೋ ಮುಖ ಹಂಗೆ ಮಾಡ್ತೀಯ? ಎಲ್ಲಿ ಮಲಗಿಸೋದು ಅಂತಾನಾ?" ಯಜಮಾನರು ಒಂದು ಹೊಸ ದಿಂಬು ತಂದು ಮಂಚದ ಮೇಲಿಟ್ಟರು. ಅದಕ್ಕೂ ಪ್ಲಾಸ್ಟಿಕ್ಕಿತ್ತು. "ಅಮ್ಮ ಮಂಚದ ಮೇಲೆ, ನೀನು ಸೋಫಾ ಮೇಲೆ. ಹೊಸ ಜಾಗ ಅಂತ ಹೆದರ್ಬೇಡಿ ಅನ್ನು. ಏಳಕ್ಕೆ ನಾನೇ ಬಂದು ಹೊರಗಿಂದ ಬೀಗ ಹಾಕ್ತೀನಿ."