ಕರಟ ತಪ್ಪಿದ ಕುಂಚ

ನಾನು ದುಗ್ಗಮ್ಮ, ಸಾಗರದ ಕಡೆಯವಳು. ಭೂಮಿ ಹುಣ್ಣಿಮೆಗೆ ಗದ್ದೆಗೆ ಎಡೆ ಒಯ್ಯುವ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯುವುದು ನಮ್ಮನೆ ಹೆಂಗಸರ ಕೆಲಸ. ಹೋದ ವರ್ಷ ಆರು ವರ್ಷದ ಮೊಮ್ಮಗಳು ಭವ್ಯಾಳನ್ನೂ ಪಕ್ಕದಲ್ಲಿ ಕೂರಿಸಿಕೊಂಡೆ. ಬಿಳಿ ತುಂಬಿದ ಕರಟ ಮುಂದೆಯೇ ಇದೆ. ಅವಳ ಕುಂಚ ಮಾತ್ರ ಒಮ್ಮೆ ಕರಟದ ಆಚೆ, ಒಮ್ಮೆ ಈಚೆ!

“ಕರಟ ಎಷ್ಟು ದೂರ ಇದೆ ಅಂತ ಗೊತ್ತಾಗಲ್ಲ ಅಜ್ಜಿ” ಎಂದಳು.

“ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಳಂತೆ! ಇದು ನಿನ್ನ ಕೈಗೆ ಹತ್ತೋದಲ್ಲ, ಏಳೇ” ಎಂದು ಕುಂಚ ಕಿತ್ತುಕೊಂಡೆ. ಮಗು ಮತ್ತೆ ಚಿತ್ತಾರದ ಹತ್ತಿರ ಸುಳಿಯಲಿಲ್ಲ.

ಆ ವಾರವೇ ಆಶಾ ಕಾರ್ಯಕರ್ತೆ ಸುಚಿತ್ರಾ ಬಂದಳು. “ದೊಡ್ಡಮ್ಮ, ನಾಳೆ ಶಾಲೇಲಿ ಕಣ್ಣಿನ ತಪಾಸಣೆ ಇದೆ. ಟ್ಯಾಬ್ ತರ್ತಾರೆ. ಭವ್ಯಾನ್ನ ಕರ್ಕೊಂಡು ಬನ್ನಿ.”

“ಅವಳ ಕಣ್ಣಿಗೆ ಎಂತ ಆಗಿದ್ಯೆ? ದೂರದ ಬಸ್ಸಿನ ಬೋರ್ಡ್ ಓದ್ತಾಳೆ. ಟ್ಯಾಬ್ ನೋಡಿದ್ರೆ ಕಣ್ಣು ಹಾಳು ಅಂತ ನೀನೇ ಹೇಳಿದ್ದಲ್ವಾ?”

“ಒಂದೇ ಕಣ್ಣು ಚೆನ್ನಾಗಿದ್ರೂ ಓದ್ಬೋದು ದೊಡ್ಡಮ್ಮ. ಹತ್ತಿರ ದೂರ ಸರಿಯಾಗಿ ತಿಳೀಬೇಕು ಅಂದ್ರೆ ಎರಡೂ ಕಣ್ಣು ಕೂಡಿ ಕೆಲಸ ಮಾಡ್ಬೇಕು. ಇದು ಐದು ನಿಮಿಷದ ಆಟ, ಅಷ್ಟೆ.”

ಒಲ್ಲದ ಮನಸ್ಸಿನಿಂದಲೇ ಹೋದೆ. ಒಂದು ಕಡೆ ಕೆಂಪು, ಇನ್ನೊಂದು ಕಡೆ ಹಸಿರು ಗಾಜಿನ ಕನ್ನಡಕ ಹಾಕಿ, ಟ್ಯಾಬಿನ ನಾಲ್ಕು ಚಿಟ್ಟೆಗಳಲ್ಲಿ ಮುಂದೆ ಬಂದಿರುವುದನ್ನು ಮುಟ್ಟು ಎಂದರು. ಭವ್ಯಾ ಯಾವುದನ್ನೂ ಮುಟ್ಟಲಿಲ್ಲ. “ಅವಳಿಗೆ ನಾಚಿಕೆ, ಇಲ್ಲಿ ಕೊಡಿ” ಎಂದು ಕನ್ನಡಕ ನಾನೇ ಹಾಕಿಕೊಂಡೆ. ಅಬ್ಬಾ! ಒಂದು ಚಿಟ್ಟೆ ಟ್ಯಾಬಿನ ಗಾಜು ಬಿಟ್ಟು ಎದ್ದು ಬಂದಿತ್ತು. ಹಿಡಿಯಲು ಗಾಳಿಯಲ್ಲಿ ಬೆರಳು ಚಾಚಿದೆ. ಕನ್ನಡಕವನ್ನು ಮತ್ತೆ ಅವಳಿಗೆ ಹಾಕಿ, “ಇಲ್ಲಿದೆ ನೋಡು” ಎಂದು ಅದೇ ಜಾಗಕ್ಕೆ ಬೆರಳು ತೋರಿಸಿದೆ.

“ಎಲ್ಲಿದೆ ಅಜ್ಜಿ? ಎಲ್ಲಾನೂ ಅಲ್ಲೇ ಅಂಟ್ಕೊಂಡಿವೆ” ಎಂದಳು ಭವ್ಯಾ.

ನನ್ನ ಬೆರಳು ಹಾಗೇ ನಿಂತಿತು. ಮಗು ಅವತ್ತು ಹೇಳಿದ್ದು ನೆಪವಲ್ಲ, ನಿಜ. ನಾಚಿಕೆಯಾಗಬೇಕಿದ್ದದ್ದು ನನಗೆ.

ಸಾಗರದ ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ, ಎಡಗಣ್ಣು ಮಂದವಾಗಿದೆ ಎಂದರು. ಕನ್ನಡಕ ಕೊಟ್ಟರು, ದಿನಕ್ಕಿಷ್ಟು ಹೊತ್ತು ಬಲಗಣ್ಣಿಗೆ ಪಟ್ಟಿ ಹಾಕಿ ಎಡಗಣ್ಣಿಗೆ ಕೆಲಸ ಕೊಡಿ ಎಂದರು. “ಚಿಕ್ಕ ವಯಸ್ಸಲ್ಲೇ ತಂದ್ರಿ, ಒಳ್ಳೇದಾಯ್ತು” ಎಂದೂ ಹೇಳಿದರು. ಊರಿಗೆ ಬಂದವಳೇ ಸುಚಿತ್ರಾಳ ಎರಡೂ ಕೈ ಹಿಡಿದುಕೊಂಡು ಅತ್ತುಬಿಟ್ಟೆ. ಅವಳ ಋಣ ದೊಡ್ಡದು.

ಈ ವರ್ಷದ ಹುಣ್ಣಿಮೆಗೆ ಕುಂಚವನ್ನು ನಾನೇ ಭವ್ಯಾಳ ಕೈಗಿಟ್ಟೆ. ಅದ್ದಿದಳು. ಕರಟದೊಳಗೇ! ಆಮೇಲೆ ಒಂದೆರಡು ಸಲ ತಪ್ಪಿತು, ಪೂರ್ತಿ ಸರಿಯಾಗಲು ಇನ್ನೂ ಸಮಯ ಬೇಕಂತೆ. ಬುಟ್ಟಿಯ ಮೇಲೆ ಅವಳ ಗೆರೆ ಸೊಟ್ಟಗಿತ್ತು. ನಾನು ತಿದ್ದಲಿಲ್ಲ. ಭೂಮಿತಾಯಿ ನೋಡಲಿ ಎಂದು ಹಾಗೇ ಗದ್ದೆಗೆ ಕಳಿಸಿದೆ.

ಅಕ್ಕತಂಗಿಯರೇ, ನಿಮ್ಮ ಮಗು ನೀರನ್ನು ಲೋಟದ ಹೊರಗೆ ಸುರಿಯುತ್ತಿದೆಯೇ? ಮೆಟ್ಟಿಲಲ್ಲಿ ತಡವರಿಸುತ್ತಿದೆಯೇ? ಬೈಯುವ ಮೊದಲು ಕಣ್ಣಿನ ತಪಾಸಣೆ ಮಾಡಿಸಿ. ಟ್ಯಾಬಿನ ಆಟ ಅನುಮಾನವನ್ನಷ್ಟೇ ಹೇಳುತ್ತದೆ, ಮುಂದೆ ಡಾಕ್ಟರಿಗೆ ತೋರಿಸಲೇಬೇಕು. ಬೇಗ ತೋರಿಸಿದಷ್ಟೂ ಒಳ್ಳೆಯದು. ನಾನು ಕಿತ್ತುಕೊಂಡ ಹಾಗೆ ನೀವು ಮಗುವಿನ ಕೈಯಿಂದ ಕುಂಚ ಕಿತ್ತುಕೊಳ್ಳಬೇಡಿ.