ತುರ್ಗುನ್ ಕಚ್ಚಿಟ್ಟ ರೊಟ್ಟಿ

ತಾಷ್ಕೆಂಟಿನ ತರಬೇತಿಗೆ ಹೊರಟಾಗ ನನ್ನ ಚೀಲದಲ್ಲಿ ಬಟ್ಟೆಗಳ ನಡುವೆ ಗಂಟು ಕಟ್ಟಿದ ಒಂದು ಒಣರೊಟ್ಟಿ ಇತ್ತು. ಹನ್ನೊಂದು ವರ್ಷದ ಹಿಂದೆ ನನ್ನ ಗಂಡ ತುರ್ಗುನ್ ಕಟ್ಟಡದ ಕೆಲಸಕ್ಕೆಂದು ರಷ್ಯಾಕ್ಕೆ ಹೋಗುವಾಗ ಕಚ್ಚಿಟ್ಟು ಹೋದದ್ದು. ನಮ್ಮಲ್ಲಿ ದೂರ ಹೋಗುವವರು ಒಂದು ತುತ್ತು ಕಚ್ಚುತ್ತಾರೆ, ಉಳಿದದ್ದನ್ನು ಗೋಡೆಗೆ ನೇತುಹಾಕುತ್ತೇವೆ. ಬಂದು ಅವರೇ ಮುಗಿಸಬೇಕು. ಆ ಮಹಾರಾಯನ ಸುದ್ದಿ ನಿಂತು ಆರು ವರ್ಷವಾಗಿತ್ತು.

ಕಳೆದ ಚಳಿಗಾಲದಲ್ಲಿ ರಷ್ಯಾದಿಂದ ಒಂದು ಕಾಗದ ಬಂತು. ಹೆಸರಿಲ್ಲದೆ ಮಣ್ಣು ಮಾಡಿದ ಒಬ್ಬ ಗಂಡಸಿನ ಡಿಎನ್‌ಎ ವಿವರ ತಮ್ಮಲ್ಲಿದೆ, ರಕ್ತಸಂಬಂಧಿಗಳಿದ್ದರೆ ಹೋಲಿಸಿ ನೋಡಬಹುದು ಅಂತ. ಯಾರಿದ್ದಾರೆ? ಅತ್ತೆ ಮಾವ ತೀರಿಹೋದರು, ಅವನಿಗೆ ಒಡಹುಟ್ಟಿದವರಿಲ್ಲ, ನಮಗೆ ಮಕ್ಕಳಾಗಲಿಲ್ಲ. ಅವನ ಎಂಜಲು ತಾಗಿ ಉಳಿದದ್ದು ಆ ರೊಟ್ಟಿಯೊಂದೇ. ಹೆಂಡತಿಯೋ ವಿಧವೆಯೋ ತಿಳಿಯದೆ ಬದುಕಿ ನನಗೆ ಸಾಕಾಗಿಹೋಗಿತ್ತು.

ತರಬೇತಿಗೆ ಬಂದವರು ಮೂವತ್ತು ಜನ, ಎಲ್ಲರೂ ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಕಲಿಸುವವರು. ಬೆಳಿಗ್ಗೆ ಜೈವಿಕ ತಂತ್ರಜ್ಞಾನ, ಮಧ್ಯಾಹ್ನ ನೀತಿ, ಆಮೇಲೆ ಹತ್ತಿಹೊಲದ ನೀರು ಉಳಿಸುವ ಪಾಠ. ಕಲಿಸುವವಳು ಸಾದತ್, ನನ್ನ ಹಳೆಯ ವಿದ್ಯಾರ್ಥಿನಿಯರ ವಯಸ್ಸಿನವಳು. ಊಟದ ಹೊತ್ತಿಗೆ ಎಲ್ಲರೂ ಮನೆಗೆ ಫೋನ್ ಮಾಡುತ್ತಿದ್ದರು. ನಾನು ತಟ್ಟೆ ಹಿಡಿದು ಹಿಪ್ಪುನೇರಳೆ ಮರದ ಕೆಳಗೆ ಕೂರುತ್ತಿದ್ದೆ.

"ಮವ್ಜುದಾ ಅಕ್ಕ, ನಿಮಗೆ ಫೋನ್ ಮಾಡೋರು ಯಾರೂ ಇಲ್ವಾ?" ಅಂದಳು ಕೋಣೆಯ ಜೊತೆಗಾತಿ ಜುಲ್ಹುಮೋರ್.

"ನಿನ್ನ ಗಂಡನ್ನೇ ಕೊಡು, ಮಾತಾಡ್ತೀನಿ," ಅಂದೆ. ಅವಳು ನಕ್ಕಳು. ನಾನು ತಟ್ಟೆ ತೊಳೆಯಲು ಎದ್ದೆ.

ಐದನೆಯ ದಿನ ಎಂಜಲಿನಿಂದ ಡಿಎನ್‌ಎ ತೆಗೆದು ಅದು ಗಂಡಸಿನದೋ ಹೆಂಗಸಿನದೋ ಎಂದು ನೋಡುವ ಪ್ರಯೋಗ. ಗಂಡಸಿನದಾದರೆ ಎರಡು ಗೆರೆ ಮೂಡುತ್ತವೆ, ಹೆಂಗಸಿನದಾದರೆ ಒಂದು. ಎಲ್ಲರೂ ಹೋದ ಮೇಲೆ ನಾನು ಗಂಟು ಬಿಚ್ಚಿ ರೊಟ್ಟಿಯನ್ನು ಸಾದತ್ ಮುಂದಿಟ್ಟೆ, ವಿಷಯವನ್ನೆಲ್ಲ ಹೇಳಿದೆ. ಎರಡು ಗೆರೆ ಬಂದರೆ ಅವನದು ಸಿಕ್ಕಿತೆಂದು ಅರ್ಥ, ಅದನ್ನು ಹೋಲಿಸಿ ನೋಡಲು ರಷ್ಯಾಕ್ಕೆ ಕಳಿಸಬಹುದು.

"ಅಕ್ಕ, ಪರೀಕ್ಷೆ ಮಾಡಿದ್ರೆ ಈ ಅಂಚು ಪುಡಿಯಾಗಿ ಹೋಗುತ್ತೆ. ಅದೂ ಅಲ್ದೆ ಅವರ ಒಪ್ಪಿಗೆ ಇಲ್ದೆ... ಕೇಳ್ದೆ ಯಾರ ಡಿಎನ್‌ಎನೂ ನೋಡಬಾರ್ದು ಅಂತ ನಿನ್ನೆ ನೀತಿ ಪಾಠದಲ್ಲಿ ನೀವೇ ಜಗಳ ಆಡಿದ್ರಲ್ಲ."

"ಒಪ್ಪಿಗೆ ಕೇಳೋಕೆ ಅವನು ಎಲ್ಲಿದಾನೆ ಅಂತ ಗೊತ್ತಾಗ್ಬೇಕಲ್ಲಮ್ಮ."

ಅವಳು ಕೈಗವಸು ಹಾಕಿಕೊಂಡು ಹಲ್ಲಿನ ಗುರುತಿದ್ದ ಅಂಚನ್ನು ಮುರಿದಳು. ಅದು ಲಟಕ್ಕೆಂದಿತು.

ಮರುದಿನ ಕರೆದಳು.

"ಒಂದೇ ಗೆರೆ ಬಂದಿದೆ ಅಕ್ಕ. ಇದನ್ನ ಯಾರಾದ್ರೂ ಮುಟ್ತಿದ್ರಾ?"

"ಯಾರೂ ಇಲ್ಲ. ನಾನೇ ದಿನಾ ಬೆಳಿಗ್ಗೆ ಕಣ್ಣಿಗೊತ್ಕೊಂಡು ಮುತ್ತು ಕೊಡ್ತಿದ್ದೆ."

"ಎಲ್ಲಿಗೆ?"

"ಅವನು ಕಚ್ಚಿದ ಕಡೆಗೆ. ಇನ್ನೆಲ್ಲಿಗೆ ಕೊಡ್ಲಿ?"

ಸಾದತ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. "ಹಾಗಾದ್ರೆ ಇದು ನೀವೇ ಅಕ್ಕ."

ಇಪ್ಪತ್ತಾರು ವರ್ಷ ಪಾಠ ಮಾಡಿದವಳು ನಾನು. ಪ್ರಯೋಗದ ಸಾಮಾನಿಗೆ ಬಾಯಿ ತಾಗಿಸಿದ್ದಕ್ಕೆ ಎಷ್ಟು ಮಕ್ಕಳಿಗೆ ಬೈದಿದ್ದೇನೋ. ಹನ್ನೊಂದು ವರ್ಷ, ಒಂದು ದಿನವೂ ತಪ್ಪದೆ, ನಾನೇ ಅವನನ್ನು ಅಲ್ಲಿಂದ ಒರೆಸಿಹಾಕಿದ್ದೆ.

ಊರಿಗೆ ಬಂದು, ಉಳಿದ ರೊಟ್ಟಿಯನ್ನು ಅದೇ ಮೊಳೆಗೆ ಹಾಕಿದೆ. ಬೆಳಿಗ್ಗೆ ಎದ್ದವಳೇ ಎಂದಿನಂತೆ ಅದರ ಹತ್ತಿರ ಹೋದೆ. ಕಚ್ಚಿದ ಅಂಚು ಇರಲಿಲ್ಲ. ಎಲ್ಲಿಗೆ ಮುತ್ತು ಕೊಡಬೇಕೋ ತಿಳಿಯದೆ ತುಂಬ ಹೊತ್ತು ನಿಂತೇ ಇದ್ದೆ. ಆಮೇಲೆ ಶಾಲೆಗೆ ಹೊತ್ತಾಯಿತು.